ದೊಡ್ಡಮ್ಮ ಯಾಕೆ ನಿಲ್ಲುತ್ತಿದ್ದಳು

ಪ್ರೀತಿಯ ಅತ್ತೆ,

ಮೊದಲು ವಿಷಯ ಹೇಳಿಬಿಡುತ್ತೇನೆ, ಬೈಯುವುದಿದ್ದರೆ ಆಮೇಲೆ ನಿಧಾನವಾಗಿ ಬೈಯಿರಿ. ನಮ್ಮ ಲಾರಿಯನ್ನು ಕೊಳ್ಳಲು ಬಂದವನನ್ನು ನಿನ್ನೆ ವಾಪಸ್ ಕಳುಹಿಸಿದೆ. ನಿಮ್ಮನ್ನು ಕೇಳಲಿಲ್ಲ. ನಿಮ್ಮ ಮಗನನ್ನೂ ಕೇಳಲಿಲ್ಲ, ನಾನು ಮನಸ್ಸು ಮಾಡಿದಾಗ ಅವರು ಬಚ್ಚಲಲ್ಲಿದ್ದರು. ದೊಡ್ಡಮ್ಮ ಎಲ್ಲಿಗೂ ಹೋಗಿಲ್ಲ, ಶೆಡ್ಡಿನಲ್ಲೇ ಇದ್ದಾಳೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು "ಸರಿ ಬಿಡು" ಎಂದು ಅರ್ಧಕ್ಕೇ ಇಟ್ಟುಬಿಡುತ್ತೀರಿ. ಕಾಗದವಾದರೆ ಕೊನೆಯವರೆಗೂ ಓದುತ್ತೀರಿ. ಮಗಳ ಮನೆಯಲ್ಲಿ ಕಾಲು ಚಾಚಿಕೊಂಡು ಮಲಗಿರುವ ನಿಮಗೆ ಈಗ ಬೇರೆ ಕೆಲಸವಾದರೂ ಏನಿದೆ?

ಲಾರಿಗೆ ದೊಡ್ಡಮ್ಮ ಎಂದು ಹೆಸರಿಟ್ಟವರು ನೀವೇ. ನಾನು ಈ ಮನೆಗೆ ಬಂದ ಹೊಸತರಲ್ಲಿ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತಿದ್ದರೆ, ಹೊರಗಿನಿಂದ ನಿಮ್ಮ ದನಿ ಕೇಳಿಸುತ್ತಿತ್ತು: "ದೊಡ್ಡಮ್ಮ ಇವತ್ತು ಎದ್ದಿಲ್ಲ ಕಣೋ. ಕೆಮ್ಮೋದೊಂದೇ ಮಾಡ್ತಿದಾಳೆ." ಮನೆಯಲ್ಲಿ ನನಗೆ ಇನ್ನೂ ತೋರಿಸದ ಹಿರಿಯರೊಬ್ಬರಿದ್ದಾರೆ, ಪಾಪ ಮೈ ಸರಿಯಿಲ್ಲ ಎಂದುಕೊಂಡು, ಒಂದು ಲೋಟ ಬಿಸಿನೀರು ಹಿಡಿದು ಶೆಡ್ಡಿನ ತನಕ ಬಂದಿದ್ದೆನಲ್ಲ! ನೀವು ಆ ನೀರನ್ನು ಇಸಿದುಕೊಂಡು ಕುಡಿದು, "ಅವಳು ಡೀಸೆಲ್ ಮಾತ್ರ ಕುಡಿಯೋದು" ಎಂದಿರಿ. ಆಮೇಲೆ ನಕ್ಕಿರಿ ನೋಡಿ, ಜೇನುಪೆಟ್ಟಿಗೆಗಳ ಮೇಲೆ ಕೂತಿದ್ದ ಗುಬ್ಬಿಗಳೆಲ್ಲ ಹಾರಿಹೋದವು.

ಹೊಲಿಗೆ ಯಂತ್ರದ ಪೆಡಲ್ ಬಿಟ್ಟರೆ ಇನ್ನಾವುದನ್ನೂ ತುಳಿದು ಗೊತ್ತಿಲ್ಲದ ನನ್ನನ್ನು ಆ ಎತ್ತರದ ಸೀಟಿಗೆ ಹತ್ತಿಸಿದವರೂ ನೀವೇ. ನಿಮ್ಮ ಮಗ ಬರಿಗೈಯನ್ನು ಜೇನುಹುಳುಗಳ ನಡುವೆ ಇಳಿಬಿಡುತ್ತಾರೆ, ಸ್ಟೇರಿಂಗ್ ಮುಟ್ಟು ಎಂದರೆ ಬೆವರುತ್ತಾರೆ. "ಹೋಗ್ಲಿ ಬಿಡು, ಹುಳ ಅವನು ನೋಡ್ಕೊಳ್ಳಲಿ, ಗಾಡಿ ನಾವು ನೋಡ್ಕೊಳ್ಳೋಣ" ಎಂದು ನೀವು ಹೇಳಿದ ದಿನ ನಾನು ಮೊದಲ ಸಲ ಈ ಮನೆಯವಳಾದೆ. ಇದನ್ನು ನಿಮಗೆ ಇದುವರೆಗೂ ಹೇಳಿರಲಿಲ್ಲ.

ತೊಂದರೆ ಶುರುವಾದದ್ದು ನೀವು ಸೊಂಟದ ಕೀಲು ಬದಲಾಯಿಸಿಕೊಂಡು ಅತ್ತಿಗೆಯ ಮನೆಗೆ ಹೋದ ವಾರದಲ್ಲಿ. ಖಾಲಿ ಪೆಟ್ಟಿಗೆಗಳನ್ನು ಹೇರಿಕೊಂಡು ದಿಬ್ಬ ಹತ್ತುತ್ತಿದ್ದೆ. ಅರ್ಧ ಏರಿನಲ್ಲಿ ಎಂಜಿನ್ನಿನ ಸದ್ದು ತೆಳ್ಳಗಾಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗಿತು. ಒಮ್ಮೆ ಮೈ ಕೊಡವಿ ನಿಂತೇ ಹೋಯಿತು. ನೀವು ಕಲಿಸಿದಂತೆ ಮೊದಲು ಡೀಸೆಲ್ ನೋಡಿದೆ. ಡೀಸೆಲ್ ತೋರಿಸುವ ಮುಳ್ಳು ನನ್ನ ಮದುವೆಗಿಂತ ಮೊದಲೇ ಸತ್ತಿದೆಯಲ್ಲ, ಹಾಗಾಗಿ ಇಳಿದು ಹೋಗಿ, ನೀವು ಆಸ್ಪತ್ರೆಗೆ ಸೇರುವ ಮೊದಲು ನನಗೆಂದು ಹಾಕಿಸಿಕೊಟ್ಟ ಆ ಬೀಗದ ಮುಚ್ಚಳ ತೆಗೆದು, ಕಡ್ಡಿ ಇಳಿಸಿದೆ. ಬೇಕಾದಷ್ಟಿತ್ತು. ಬಾನೆಟ್ ಎತ್ತಿ ಕೈಪಂಪು ಒತ್ತಿದೆ, ಅಲ್ಲಿ ಇಲ್ಲಿ ಮುಟ್ಟಿ ನೋಡಿದೆ. ಮತ್ತೆ ಕೀಲಿ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಗುಡುಗಿದಳು.

ಎರಡು ದಿನ ಚಿನ್ನದಂಥ ಓಟ. ಮೂರನೆಯ ದಿನ ಮತ್ತೆ ಅದೇ.

ಕಿವಿ ಮೇಸ್ತ್ರಿ ಬಂದರು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಅವರು ಕಣ್ಣು ಮುಚ್ಚಿ ನಿಲ್ಲುವುದನ್ನು ನೋಡಿದರೆ ಯಾರಿಗಾದರೂ ಭಕ್ತಿ ಹುಟ್ಟಬೇಕು. "ಫಿಲ್ಟರ್ ಕಟ್ಟಿದೆ" ಎಂದರು. ಬದಲಾಯಿಸಿದರು, ಓಡಿತು, ನಿಂತಿತು. "ಪೈಪಲ್ಲಿ ಗಾಳಿ ಎಳೀತಿದೆ" ಎಂದರು. ಎಲ್ಲ ಜೋಡಣೆಗಳನ್ನೂ ಬಿಗಿದರು, ಓಡಿತು, ನಿಂತಿತು. ಪಂಪು ಬಿಚ್ಚಿ ತೊಳೆದರು. ಕೊನೆಗೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋದೆ. ದೊಡ್ಡಮ್ಮ ಎಂಥ ಕಳ್ಳಿ ಅಂತೀರಿ! ಅವರು ಇಳಿಯುವ ತನಕ ಹೊಸ ಮದುಮಗಳ ಹಾಗೆ ತಲೆ ತಗ್ಗಿಸಿಕೊಂಡು ಓಡಿದಳು. ಮೇಸ್ತ್ರಿ ನನ್ನನ್ನು ಒಂಥರಾ ನೋಡಿದರು. "ನೀವು ಕ್ಲಚ್ ಮೇಲೆ ಕಾಲಿಟ್ಕೊಂಡು ಓಡಿಸ್ತೀರೇನಮ್ಮಾ?" ಎಂದು ಕೇಳಿದಾಗ ನನಗೆ ಬಂದ ಕೋಪಕ್ಕೆ ಆ ಸ್ಕ್ರೂಡ್ರೈವರನ್ನು ಕಿತ್ತುಕೊಳ್ಳಬೇಕೆನಿಸಿತ್ತು.

ಇಷ್ಟೆಲ್ಲ ನಿಮಗೆ ಸ್ವಲ್ಪ ಸ್ವಲ್ಪ ಗೊತ್ತು. ಗೊತ್ತಿಲ್ಲದ್ದು ಸೇತುವೆಯ ಮೇಲಿನ ಬೆಳಿಗ್ಗೆ.

ಸೂರ್ಯಕಾಂತಿ ಹೊಲದವರು ಹೂ ಬಿಟ್ಟಿದೆ, ಬೇಗ ಬನ್ನಿ ಎಂದು ಹೇಳಿ ಕಳಿಸಿದ್ದರು. ಹುಳುಗಳೆಲ್ಲ ಗೂಡು ಸೇರಿದ ಮೇಲೆ ಬಾಗಿಲಿಗೆ ಜಾಲರಿ ಹೊಡೆದು, ಪೆಟ್ಟಿಗೆಗಳನ್ನು ಹೇರಿ, ನಸುಕಿಗೇ ಹೊರಟೆವು. ಬಿಸಿಲೇರುವ ಮೊದಲು ತಲುಪದಿದ್ದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಹುಳು ಬೇಯುತ್ತವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸೇತುವೆಯ ನಟ್ಟನಡುವೆ ದೊಡ್ಡಮ್ಮ ನಿಂತಳು. ಹಿಂದೆ ಬಸ್ಸು, ಅದರ ಹಿಂದೆ ಇನ್ನೂ ಏನೇನೋ. ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, "ಏನಮ್ಮಾ, ಸೇತುವೆ ಮೇಲೇ ಸಂಸಾರ ಹೂಡಿಬಿಟ್ರಾ?" ಎಂದ. "ಗಾಡಿ ತುಂಬ ಜೇನಿದೆ, ಇಳಿದು ಬಂದು ಸ್ವಲ್ಪ ನೂಕ್ತೀರಾ?" ಎಂದೆ. ಆ ಕ್ಷಣವೇ ಗಾಜು ಏರಿಸಿಕೊಂಡ. ಹಿಂದಿನ ಸಾಲೂ ತೆಪ್ಪಗಾಯಿತು.

ನಗು ಅಷ್ಟಕ್ಕೇ ಮುಗಿಯಿತು. ಹೊರಡಿಸುವುದು, ಒಂದಷ್ಟು ದೂರ ಹೋಗುವುದು, ನಿಲ್ಲುವುದು. ಬಿಸಿಲು ಏರಿತು. ಪೆಟ್ಟಿಗೆಗಳ ಒಳಗಿನ ಗುಂಯ್‌ಗುಡುವಿಕೆ ಮೊದಲು ದಪ್ಪಗಾಗಿ, ಆಮೇಲೆ ಕೀರಲಾಯಿತು. ನಿಮ್ಮ ಮಗ ಹೊಳೆಯಿಂದ ನೀರು ತಂದು ತಂದು ಚಿಮುಕಿಸಿದರು. ತಲುಪಿ ಬಾಗಿಲು ತೆಗೆದಾಗ ಬಹಳಷ್ಟು ಬದುಕಿದ್ದವು. ಮುಂದಿನ ಸಾಲಿನ ಎರಡು ಪೆಟ್ಟಿಗೆಗಳಿಂದ ಮಾತ್ರ ಏನೂ ಹೊರಗೆ ಬರಲಿಲ್ಲ. ಇವರು ಆ ಎರಡರ ಪಕ್ಕದಲ್ಲಿ ಮಂಡಿಯೂರಿ ಕೂತವರು ಏಳಲಿಲ್ಲ. ಉಳಿದ ಪೆಟ್ಟಿಗೆಗಳ ಹತ್ತಿರ ನಾನೇ ನೀರಿಟ್ಟೆ.

ಅವತ್ತು ಸಂಜೆಯೇ ನಿಮಗೆ ಫೋನ್ ಮಾಡಿದ್ದು. ಹೊಸ ಗಾಡಿಯೇ ಸರಿ ಎಂದು ಮೊದಲಿನಿಂದಲೂ ಹೇಳುತ್ತಿದ್ದ ನಿಮ್ಮ ಅಳಿಯ ಕೂಡಲೇ ಒಬ್ಬ ಗುಜರಿಯವನನ್ನು ಗೊತ್ತು ಮಾಡಿದರು. ನೀವು ಜಗಳವಾಡುತ್ತೀರಿ ಎಂದು ನಾವು ಕಾಯುತ್ತಿದ್ದೆವು. ನೀವು ಅಂದದ್ದು ಇಷ್ಟೇ: "ಮಾರ್ಬಿಡಿ. ನಾನೂ ಕೂತೆ, ಅವಳೂ ಕೂತಳು. ಇಬ್ಬರದ್ದೂ ಆಯ್ತು." ಆ ದನಿ ನಿಮ್ಮದಲ್ಲ ಅತ್ತೆ. ನಡುರಸ್ತೆಯಲ್ಲಿ ಗಾಡಿ ನಿಂತಾಗ ಹೆದರದ ನಾನು ಆ ದನಿಗೆ ಹೆದರಿದೆ.

ಗುಜರಿಯವನು ಬರುವುದು ನಿನ್ನೆ ಮಧ್ಯಾಹ್ನಕ್ಕೆಂದು ಗೊತ್ತಾಗಿತ್ತು. ಬೆಳಿಗ್ಗೆ ಲಾರಿಯನ್ನು ತೊಳೆದೆ. ಕನ್ನಡಿ ಒರೆಸಿದೆ. ಕೊನೆಯದಾಗಿ ಒಂದು ಸುತ್ತು ಹೋಗಿಬರೋಣವೆಂದು ಒಬ್ಬಳೇ ದಿಬ್ಬದ ಕಡೆ ಹೊರಟೆ. ವಾಪಸ್ ಬರುವಾಗ ನಮ್ಮ ಗೇಟು ಕಾಣಿಸುತ್ತಿದ್ದ ಹಾಗೆಯೇ ಎಂಜಿನ್ ನಿಂತಿತು. ಇಳಿಜಾರಿನ ಪುಣ್ಯ, ಉರುಳಿಕೊಂಡೇ ಅಂಗಳ ಸೇರಿದೆ. ನಿಮ್ಮ ಮಗ, "ಅವನಿಗೆ ಯಾಕೆ ನಮ್ಮ ಡೀಸೆಲ್ಲು, ತೆಗೆದಿಡು" ಎಂದು ಪೈಪು, ಕ್ಯಾನು ಕೊಟ್ಟು ಸ್ನಾನಕ್ಕೆ ಹೋದರು.

ಟ್ಯಾಂಕಿನ ಮುಚ್ಚಳಕ್ಕೆ ಕೀಲಿ ಹಾಕಿ ತಿರುಗಿಸಿದೆ. ಬರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ತಿರುವಿದೆ. ಆಗ, ಸ್ಸ್ಸ್ ಎಂದು ಟ್ಯಾಂಕು ಒಳಕ್ಕೆ ಗಾಳಿ ಎಳೆದುಕೊಂಡಿತು. ಬಹಳ ಹೊತ್ತು ನೀರಿನಲ್ಲಿ ಮುಳುಗಿದ್ದವರು ಮೇಲೆದ್ದು ಎಳೆದುಕೊಳ್ಳುತ್ತಾರಲ್ಲ, ಹಾಗೆ. ರಸ್ತೆಯಲ್ಲಿ ಪ್ರತಿ ಸಲವೂ ಹಿಂದೆ ಹಾರ್ನು, ಬೈಗುಳ, ಬಸ್ಸು. ಈ ಸದ್ದು ಯಾರ ಕಿವಿಗೆ ಬೀಳಬೇಕು? ನಿನ್ನೆ ಅಂಗಳ ಮೌನವಾಗಿತ್ತು.

ಮುಚ್ಚಳ ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಇಷ್ಟು ದಿನ ನಾವು ಒಬ್ಬೊಬ್ಬರು ಒಂದೊಂದು ಮಾಡಿದೆವು. ನಾನು ಕೈಪಂಪು ಒತ್ತಿದೆ, ಮೇಸ್ತ್ರಿ ಫಿಲ್ಟರ್ ಬದಲಾಯಿಸಿದರು, ನಿಮ್ಮ ಮಗ ಎಂಜಿನ್ನಿಗೆ ಬೀಸಣಿಗೆ ಬೀಸಿದ್ದೂ ಉಂಟು. ಎಲ್ಲದಕ್ಕೂ ಗಾಡಿ ಎದ್ದಿತು, ಎಲ್ಲರೂ ನಾನೇ ಗೆದ್ದೆ ಎಂದುಕೊಂಡೆವು. ಆದರೆ ಅದಕ್ಕೂ ಮೊದಲು ಪ್ರತಿಯೊಬ್ಬರೂ ಡೀಸೆಲ್ ಇದೆಯಾ ಎಂದು ಮುಚ್ಚಳ ತೆಗೆದು ನೋಡಿದ್ದೆವು! ಮೇಸ್ತ್ರಿಯಂತೂ ಹೊರಡುವ ಮುಂಚೆ ಡೀಸೆಲ್ಲಿನ ವಾಸನೆ ನೋಡದೆ ಗಾಡಿ ಹತ್ತುವವರೇ ಅಲ್ಲ. ಡೀಸೆಲ್ ಖಾಲಿಯಾದ ಜಾಗಕ್ಕೆ ಹೊರಗಿನ ಗಾಳಿ ಹೋಗಲು ದಾರಿಯಿಲ್ಲದಿದ್ದರೆ ಪಂಪು ಡೀಸೆಲನ್ನು ಎಷ್ಟು ದೂರ ಎಳೆದೀತು? ಮುಚ್ಚಳವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲೂ ಒಂದು ಸೂಜಿ ತೂರುವಷ್ಟು ತೂತಿರಲಿಲ್ಲ.

ಅಂದಾಜು ಸಾಲದು, ಪರೀಕ್ಷೆ ಮಾಡಬೇಕು ಎಂದುಕೊಂಡೆ. ಮುಚ್ಚಳದ ಜಾಗಕ್ಕೆ ಬಟ್ಟೆ ಕಟ್ಟಿ ದಿಬ್ಬ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಒಂದು ಸಲವೂ ಸೊರಗಲಿಲ್ಲ. ಆಮೇಲೆ ತಲೆ ಒರೆಸಿಕೊಳ್ಳುತ್ತ ಬಂದ ನಿಮ್ಮ ಮಗನನ್ನು ಪಕ್ಕಕ್ಕೆ ಹತ್ತಿಸಿಕೊಂಡು, ಮುಚ್ಚಳ ಬಿಗಿದು ಬೀಗ ಹಾಕಿ, ಅದೇ ದಾರಿ. ಮೂರನೇ ಸಲ ಏರುವಾಗ ಸದ್ದು ತೆಳ್ಳಗಾಯಿತು, ಮೈ ಕೊಡವಿತು, ನಿಂತಿತು. ನಾನು ಸ್ಟೇರಿಂಗ್ ಬಿಟ್ಟು ಚಪ್ಪಾಳೆ ತಟ್ಟಿದೆ.

"ಗಾಡಿ ನಿಂತಿದ್ದಕ್ಕೆ ಕುಣೀತಿದೀಯಲ್ಲ, ತಲೆಗಿಲೆ ಕೆಟ್ಟಿದ್ಯಾ?" ಎಂದರು ಇವರು.

"ಇಳಿದು ಹೋಗಿ ಆ ಮುಚ್ಚಳ ತೆಗೀರಿ, ಕಿವಿ ಹತ್ರ ಇಟ್ಕೊಂಡು ತೆಗೀರಿ" ಎಂದೆ.

ತೆಗೆದರು. ಸ್ಸ್ಸ್. ಅವರ ಮುಖ ನೀವು ನೋಡಬೇಕಿತ್ತು. ರಸ್ತೆ ಪಕ್ಕದಲ್ಲೇ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆ ನೀರಿನಲ್ಲಿ ಎರಡು ಪೆಟ್ಟಿಗೆಗಳದ್ದೂ ಸ್ವಲ್ಪ ಇತ್ತು.

ಮೇಸ್ತ್ರಿಯನ್ನು ಕರೆಸಿದೆವು. ಅವರು ಮುಚ್ಚಳವನ್ನು ನೋಡಿ ಹಣೆ ಚಚ್ಚಿಕೊಂಡರು. "ಅಳತೆ ಸರಿಯಾಗೇ ಕೂತಿದೆ, ಆದ್ರೆ ಇದು ಬೇರೆ ಯಾವುದೋ ಗಾಡೀದು. ಗಾಳಿ ತೂತೇ ಇಲ್ಲ! ಅಷ್ಟು ಸಲ ಕೈಯಾರೆ ತೆಗೆದಿದೀನಿ, ನೋಡ್ಲಿಲ್ಲ ನೋಡಿ." ಆಮೇಲೆ ನನ್ನ ಕಡೆ ತಿರುಗಿ, "ಕ್ಲಚ್ಚಿನ ಮಾತು ವಾಪಸ್ ತಗೊಂಡೆ ಕಣಮ್ಮಾ" ಎಂದರು. ಅವರ ಅಂಗಡಿಯಲ್ಲಿದ್ದ ಸರಿಯಾದ ಮುಚ್ಚಳವನ್ನು ತಾವೇ ತಂದು ಹಾಕಿದರು. ಬೀಗವಿಲ್ಲ, ಹೊಳಪೂ ಇಲ್ಲ.

ಗುಜರಿಯವನು ಎಳೆದೊಯ್ಯಲು ಸರಪಳಿ ತಂದಿದ್ದ. ನಾನು ಎಂಜಿನ್ ಚಾಲೂ ಮಾಡಿಟ್ಟೇ ಮಾತಾಡಿದೆ. "ನಿಂತ್ಹೋಗಿರೋ ಗಾಡಿ ಅಂದ್ರಲ್ಲ?" ಎಂದ. "ಅದು ಬೆಳಿಗ್ಗೆ" ಎಂದೆ. ಸರಪಳಿಯನ್ನು ಮತ್ತೆ ಹೆಗಲಿಗೇರಿಸಿಕೊಂಡು, ಬೇಸರವಿಲ್ಲದೆ ಹೋದ. ಹೋಗುವಾಗ ದೊಡ್ಡಮ್ಮನ ಬಾಗಿಲು ತಟ್ಟಿ, "ಗಟ್ಟಿ ಜೀವ" ಎಂದ.

ಮುಚ್ಚಳದ ವಿಷಯ ನಿಮಗೆ ಹೇಳುವುದೇ ಬೇಡ, ಫಿಲ್ಟರ್ ಎಂದುಬಿಡೋಣ, ಅಮ್ಮ ನೊಂದುಕೊಳ್ತಾರೆ ಎಂದರು ನಿಮ್ಮ ಮಗ. ನಾನು ಒಪ್ಪಲಿಲ್ಲ. ಮೂವತ್ತು ವರ್ಷ ಲಾರಿ ಓಡಿಸಿದವರಿಗೆ ಸುಳ್ಳು ಫಿಲ್ಟರಿನ ಕತೆ ಹೇಳಿ ದಕ್ಕಿಸಿಕೊಳ್ಳುವುದು ನನ್ನಿಂದಾಗದು. ಆಸ್ಪತ್ರೆಗೆ ಹೊರಟವರು ನನ್ನ ಡೀಸೆಲ್ ಕಳುವಾಗದಿರಲಿ ಎಂದು ಬಜಾರು ಸುತ್ತಿ ತಂದದ್ದು ಅದು. ಅಂಗಡಿಯವನು ತಪ್ಪು ಕೊಟ್ಟರೆ ನಿಮ್ಮ ಅಕ್ಕರೆ ತಪ್ಪಾಗುತ್ತದೆಯೇ? ಹೇಳಬೇಕಾದ ಇನ್ನೊಂದು ಕಾರಣವೂ ಇದೆ. ದೊಡ್ಡಮ್ಮ ನಿಂತದ್ದು ವಯಸ್ಸಾಗಿ ಅಲ್ಲ. ಅವಳ ಎಂಜಿನ್ನಿನಲ್ಲಿ ಒಂದು ಬೋಲ್ಟೂ ಸೋತಿರಲಿಲ್ಲ. ಆದ್ದರಿಂದ "ಇಬ್ಬರದ್ದೂ ಆಯ್ತು" ಎಂದಿರಲ್ಲ, ಆ ಮಾತನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ವೈದ್ಯರು ನಡೆಯಿರಿ ಎಂದರೂ ನೀವು ಹಾಸಿಗೆ ಬಿಡುತ್ತಿಲ್ಲ ಎಂದು ಅತ್ತಿಗೆ ಹೇಳಿದರು. ಯಾಕೆ ಬಿಡುತ್ತಿಲ್ಲ ಎಂದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು.

ಇವತ್ತು ಬೆಳಿಗ್ಗೆ ಮೇಸ್ತ್ರಿಯಿಂದ ಎಡಗಡೆಯ ಬಾಗಿಲ ಕೆಳಗೆ ಇನ್ನೊಂದು ಮೆಟ್ಟಿಲು ಬೆಸುಗೆ ಹಾಕಿಸಿದೆ, ತಗ್ಗಾಗಿ, ಅಗಲವಾಗಿ. ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಸರಳೂ ಇದೆ. ನಿಮ್ಮ ಮಗ ಹತ್ತಿ ಇಳಿದು ನೋಡಿ ಗಟ್ಟಿಯಾಗಿದೆ ಎಂದರು. ಸೂರ್ಯಕಾಂತಿ ಮುಗಿದ ಮೇಲೆ ಪೆಟ್ಟಿಗೆಗಳನ್ನು ಬೆಟ್ಟದ ತಪ್ಪಲಿಗೆ ಒಯ್ಯಬೇಕು. ಆ ದಾರಿ ನನಗೆ ಹೊಸದು, ತಿರುವುಗಳೆಲ್ಲ ನಿಮಗೆ ಬಾಯಿಪಾಠ. ಪಕ್ಕದಲ್ಲಿ ಕೂತು ಬೈಯಲು ಯಾರಾದರೂ ಬೇಕು. ಒಂದು ಮೆಟ್ಟಿಲು ಹತ್ತುವಷ್ಟು ಕಾಲು ಬಂದರೆ ಸಾಕು. ಆ ದಿನ ತಿಳಿಸಿ, ನಾನೇ ದೊಡ್ಡಮ್ಮನನ್ನು ತೆಗೆದುಕೊಂಡು ಅತ್ತಿಗೆಯ ಮನೆ ಬಾಗಿಲಿಗೆ ಬರುತ್ತೇನೆ.

ನಿಮ್ಮ ಹೆಜ್ಜೆ ದಿನದಿನಕ್ಕೂ ಗಟ್ಟಿಯಾಗಲಿ. ಅಲ್ಲಿಂದಲೇ ನನ್ನ ತಲೆ ಮೇಲೆ ಕೈಯಿಟ್ಟು ಹರಸಿ.

ಹಾದಿ ನೋಡುತ್ತಿರುವ,
ನಿಮ್ಮ ಸೊಸೆ ಮತ್ತು ಡ್ರೈವರ್