ಅಕ್ಕನ ಹೆಸರಿನಲ್ಲಿ ಬರೆದ ‘ಬೇಡ’

ಹ್ಯಾರೋ, ಲಂಡನ್
8 ಜುಲೈ 2025, ಮಂಗಳವಾರ

ಪ್ರೀತಿಯ ಅಕ್ಕಾ,

ಬಾಣಂತಿ ತನ್ಮಯಿ ಹೇಗಿದ್ದಾಳೆ? ಕೂಸಿಗೆ ಕತ್ತು ನಿಂತಿತೇ? ನಿನ್ನ ಮೊಣಕಾಲು ನೋವು? ಧಾರವಾಡದಲ್ಲಿ ಮಳೆ ಹಿಡಿದಿದೆಯೆಂದು ಕೇಳಿದೆ. ಮಗಳ ಆರೈಕೆಯ ಭರದಲ್ಲಿ ನಿನ್ನ ಊಟ ತಪ್ಪಿಸಬೇಡ. ಇಲ್ಲಿ ನಾವೆಲ್ಲ ಆರೋಗ್ಯ. ಇಂಚರಾಳ ಪರೀಕ್ಷೆ ಮುಗಿಯಿತು. ಹೇಗೆ ಬರೆದೆಯೆಂದು ಕನ್ನಡದಲ್ಲಿ ಎಷ್ಟು ಉದ್ದ ಕೇಳಿದರೂ ‘ಫೈನ್, ಅಪ್ಪ’ ಎಂಬ ಒಂದೇ ಉತ್ತರ.

ಫೋನಿನಲ್ಲಿ ಒಂದು ವಿಷಯ ಹೇಳಲು ಮೂರು ಸಲ ಹೊರಟೆ. ಮೂರು ಸಲವೂ ನೀನು ಕೂಸಿನ ಮುಖ ತೋರಿಸಿದೆ, ನಾನು ಅದನ್ನೇ ನೆಪ ಮಾಡಿಕೊಂಡು ಸುಮ್ಮನಾದೆ. ಅದಕ್ಕೇ ಈ ಕಾಗದ. ನಮ್ಮ ಆಸ್ಪತ್ರೆಯ ಸೌಂದರ್ಯಾ ಗುರುವಾರ ಹೊರಟು ಹುಬ್ಬಳ್ಳಿಗೆ ಬರುತ್ತಾಳೆ. ಶನಿವಾರ ನಿನ್ನ ಕೈಗೇ ಕೊಡುತ್ತೇನೆಂದಿದ್ದಾಳೆ.

ಆಲ್ಡರ್‌ಕೋಟಿನಲ್ಲಿ ನೀನು ಬೀಗ ಹಾಕಿ ಹೋದ ಮನೆಯ ಪಕ್ಕದ ಏಗ್ನಿಸ್ ಅವರ ಅಡುಗೆಮನೆಗೆ ಕಳೆದ ತಿಂಗಳು ಬೆಂಕಿ ಬಿದ್ದಾಗ, ‘ಸಣ್ಣ ಬೆಂಕಿ’ ಎಂದಷ್ಟೇ ನಿನಗೆ ಹೇಳಿದ್ದೆ. ಸಣ್ಣದಾಗಿರಲಿಲ್ಲ. ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ. ಊರಿನ ಅಗ್ನಿಶಾಮಕ ಠಾಣೆ ಅವರ ಮನೆಯಿಂದ ನಾಲ್ಕು ನಿಮಿಷದ ದಾರಿ. ಗಾಡಿ ಒಳಗೇ ನಿಂತಿತ್ತು, ಓಡಿಸುವವರು ಇರಲಿಲ್ಲ. ಅಲ್ಲಿ ಖಾಯಂ ಸಿಬ್ಬಂದಿ ಇಲ್ಲವೆಂದು ಇಪ್ಪತ್ತು ವರ್ಷ ಆ ಊರಿನ ವೈದ್ಯೆಯಾಗಿದ್ದ ನಿನಗೆ ನಾನು ಹೇಳಬೇಕಿಲ್ಲ. ಕರೆ ಬಂದರೆ ಬಡಗಿ, ಪಬ್ಬಿನವನು, ಶಾಲೆ ಬಸ್ಸಿನವನು ಕೈಕೆಲಸ ಬಿಟ್ಟು ಓಡಿಬರಬೇಕು. ವಾರದ ನಡುವೆ ಹಗಲು ಹೊತ್ತಿನಲ್ಲಿ ಅವರೆಲ್ಲ ಬೇರೆ ಊರುಗಳಲ್ಲಿ ದುಡಿಯುತ್ತಿರುತ್ತಾರೆ. ಪೇಟೆಯಿಂದ ಇನ್ನೊಂದು ಗಾಡಿ ಬರಲು ಮೂವತ್ತೆಂಟು ನಿಮಿಷ ಹಿಡಿಯಿತು. ಕಾದು ಕಾದು ಏಗ್ನಿಸ್ ತಾವೇ ಬಕೆಟ್ ಹಿಡಿದು ಒಳಗೆ ಹೋದರು. ಎಂಬತ್ತೊಂದು ವರ್ಷ ಅವರಿಗೆ. ಎರಡೂ ಕೈ ಸುಟ್ಟಿವೆ. ಬಲಗೈ ಬೆರಳುಗಳು ಇನ್ನು ಪೂರ್ತಿ ಮಡಚುವುದು ಅನುಮಾನವಂತೆ.

ಈಗ ನನ್ನ ಪಾಲಿನದು. ತನ್ಮಯಿ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದೇ ತಡ, ಡಿಸೆಂಬರಿನಲ್ಲಿ ನೀನು ಗಡಿಬಿಡಿಯಿಂದ ಹೊರಟೆ. ನಿನ್ನ ಅಂಚೆಯೆಲ್ಲ ನನ್ನ ವಿಳಾಸಕ್ಕೆ ತಿರುಗಿಸಿ, ‘ಕಾಗದಪತ್ರ ಎಲ್ಲಾ ನೀನ ನೋಡ್ಕೊ, ನನ್ನ ಏನೂ ಕೇಳಬ್ಯಾಡ’ ಅಂದೆ. ಅಪ್ಪ ಇದ್ದಾಗಿನಿಂದಲೂ ನಮ್ಮ ಮನೆಯ ಅರ್ಜಿಗಳನ್ನು ತುಂಬುವವನು ನಾನೇ. ನಿನ್ನ ಸಹಿಯನ್ನು ನಿನಗಿಂತ ಚೆಂದ ಹಾಕುತ್ತೇನೆಂದು ನೀನೇ ನಗುತ್ತಿದ್ದೆ. ಜನವರಿಯಲ್ಲಿ ನಿನ್ನ ಹೆಸರಿಗೆ ಒಂದು ಅಭಿಪ್ರಾಯ ಪತ್ರ ಬಂತು. ಆ ಠಾಣೆಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಸಿಬ್ಬಂದಿ ಇರಿಸಲು ಕೌನ್ಸಿಲ್ ಟ್ಯಾಕ್ಸಿನ ಜೊತೆ ಮನೆಗೆ ವರ್ಷಕ್ಕೆ ಹದಿನಾಲ್ಕು ಪೌಂಡ್ ಹೆಚ್ಚಿಗೆ ಕೊಡುವಿರಾ ಎಂದು ಕೇಳಿದ್ದರು. ಇನ್ನು ಅರ್ಧ ವರ್ಷ ಬೀಗ ಹಾಕಿಯೇ ಇರುವ ಮನೆಗೆ ಇದೆಲ್ಲ ಏಕೆ ಎಂದುಕೊಂಡೆ. ಟೀ ಆರುವ ಮೊದಲೇ ‘ಬೇಡ’ ಎಂಬಲ್ಲಿ ಗುರುತು ಹಾಕಿ, ನಿನ್ನ ಸಹಿ ಮಾಡಿ ಕಳಿಸಿದೆ. ಅಕ್ಕನಿಗೆ ಉಳಿಸಿಕೊಟ್ಟೆನೆಂದು ಸ್ವಲ್ಪ ಹೆಮ್ಮೆಯೂ ಆಯಿತು. ನನ್ನ ಹ್ಯಾರೋ ಮನೆಯ ತೆರಿಗೆಯಲ್ಲೂ ಅಗ್ನಿಶಾಮಕ ದಳದ ಪಾಲು ಇದೆ. ಬೇಕೇ ಬೇಡವೇ ಎಂದು ನನ್ನನ್ನು ಯಾರೂ ಕೇಳಿಲ್ಲ. ನಮ್ಮ ಠಾಣೆಯಲ್ಲಿ ಹಗಲೂ ರಾತ್ರಿ ಜನ ಇದ್ದೇ ಇರುತ್ತಾರೆ, ಹಾಗಾಗಿ ನಾನು ತೆರಿಗೆ ಬಿಲ್ಲಿನ ಆ ಸಾಲನ್ನು ಒಮ್ಮೆಯೂ ಓದಿರಲಿಲ್ಲ.

ಬೇಡವೆಂದವರೇ ಹೆಚ್ಚಾಗಿ ಆ ಯೋಜನೆ ಬಿದ್ದುಹೋಯಿತು. ನಿನ್ನ ಒಂದು ಚೀಟಿಯಿಂದ ಏನೂ ಬದಲಾಗುತ್ತಿರಲಿಲ್ಲ, ನಿಜ. ಏಗ್ನಿಸ್ ಅವರನ್ನು ನೋಡಲು ಆಸ್ಪತ್ರೆಗೆ ಹೋಗುವಾಗ ರೈಲಿನಲ್ಲಿ ಹಾಗೆಂದು ಸಮಾಧಾನ ಹೇಳಿಕೊಂಡೆ. ಅವರ ಕೈಯ ಬ್ಯಾಂಡೇಜು ಕಂಡ ಮೇಲೆ ಆ ಸಮಾಧಾನ ನಿಲ್ಲಲಿಲ್ಲ.

ಬೆಂಕಿಯ ನಂತರ ಈಗ ಮತ್ತೊಮ್ಮೆ ಅಭಿಪ್ರಾಯ ಕೇಳಿದ್ದಾರೆ. ಆ ಹಾಳೆಯನ್ನು ಏನೂ ಗುರುತು ಮಾಡದೆ ಇದರ ಜೊತೆ ಇಟ್ಟಿದ್ದೇನೆ. ತಿಂಗಳ ಕೊನೆಯೊಳಗೆ ಅವರಿಗೆ ತಲುಪಬೇಕು. ಸಹಿ ನಿನ್ನದೇ ಇರಲಿ.

ತನ್ಮಯಿಗೆ, ಅಳಿಯಂದಿರಿಗೆ ನನ್ನ ನೆನಪು ಹೇಳು. ಕೂಸಿಗೆ ಮುಕುಂದಜ್ಜನ ಆಶೀರ್ವಾದ.

ನಿನ್ನ ತಮ್ಮ,
ಮುಕುಂದ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆಸ್ಪತ್ರೆಯಲ್ಲಿ ಏಗ್ನಿಸ್ ಕೇಳಿದರು: ‘ಠಾಣೆಯ ಪತ್ರ ಬಂದರೆ ಬೇಕು ಅಂತಲೇ ಬರೆಯುತ್ತೇನೆ ಎಂದು ನಿನ್ನ ಅಕ್ಕ ಡಿಸೆಂಬರಿನಲ್ಲಿ ಹೊರಡುವಾಗ ಗೇಟಿನ ಹತ್ತಿರ ನನಗೆ ಮಾತು ಕೊಟ್ಟಿದ್ದಳು. ಬರೆದಳು ತಾನೇ?’ ಬರೆದಳು ಎಂದುಬಿಟ್ಟೆ. ‘ನನಗೆ ಗೊತ್ತಿತ್ತು’ ಎಂದು ನಕ್ಕರು. ಈಗ ಅವರು ಮಗನ ಮನೆಯಲ್ಲಿದ್ದಾರೆ. ಭಾನುವಾರ ಸೊಸೆಯ ಕೈಲಿ ಫೋನ್ ಹಚ್ಚಿಸಿ ನಿನ್ನೊಡನೆ ಮಾತಾಡುತ್ತಾರಂತೆ. ಅದಕ್ಕೆ ಮೊದಲು, ಶನಿವಾರ, ನಾನೇ ಅಲ್ಲಿಗೆ ಹೋಗಿ ನಿಜ ಹೇಳಬೇಕೆಂದಿದ್ದೇನೆ. ಭಾನುವಾರ ಅವರು ನಿನಗೆ ಧನ್ಯವಾದ ಹೇಳಿದರೆ, ನನ್ನಿಂದ ಆಗಲಿಲ್ಲವೆಂದು ತಿಳಿ.