ಮೂರನೆಯ ಸಾಲು, ಬಲದಿಂದ ಎರಡನೆಯವನು

೩೧ ಜುಲೈ ೧೯೩೬, ಶುಕ್ರವಾರ

ಬೆಳಗಿನಿಂದ ಜಿನುಗು ಮಳೆ. ಆಫೀಸಿಗೆ ಒಂಬತ್ತಕ್ಕೆ ಹೋದೆ. ಇಂದು ಎರಡು ತಿದ್ದುಪಡಿ. ಒಂದು, ಗದಗಿನ ಹತ್ತಿಯ ದರ. ಇನ್ನೊಂದು, ನಿಧನರಾದರೆಂದು ನಾವು ಬರೆದಿದ್ದ ಕುಂದಗೋಳದ ಕಡೆಯ ಗೌಡರೊಬ್ಬರು ಬದುಕಿದ್ದಾರೆ. ಅವರ ಮಗ ತಾನೇ ಬಂದಿದ್ದ. ಸಿಟ್ಟೇನೂ ಇರಲಿಲ್ಲ. "ಅಪ್ಪಗ ಓದಿ ಹೇಳಿದ್ವಿರಿ. ಭಾಳ ನಕ್ಕರು. ಇನ್ನೊಂದೀಟು ಉದ್ದ ಬರೀಬೇಕಿತ್ತಂತ" ಅಂದ.

ಹನ್ನೊಂದು ವರ್ಷದಿಂದ ಈ ಪತ್ರಿಕೆಯ ತಿದ್ದುಪಡಿಗಳೆಲ್ಲ ನನ್ನವೇ. ಎರಡನೆಯ ಪುಟ, ಕೆಳಗೆ, ಎಡಕ್ಕೆ.

ನಾಳೆ ಬರ್ಲಿನ್ನಿನಲ್ಲಿ ಒಲಿಂಪಿಕ್ ಆಟಗಳು ಆರಂಭ. ಅಲ್ಲಿ ನಾಲ್ಕು ಗಂಟೆ ಎಂದರೆ ನಮಗೆ ರಾತ್ರಿ ಎಂಟೂವರೆ. ನಮ್ಮ ಪುಟ ಐದಕ್ಕೆ ಮುಗಿಯಬೇಕು. ಇಲ್ಲವಾದರೆ ಗದಗಿನ ಗಾಡಿ ತಪ್ಪುತ್ತದೆ. ಸಂಪಾದಕರು ಮುಂಬಯಿ ಪತ್ರಿಕೆಗಳಲ್ಲಿ ಬಂದ ಕಾರ್ಯಕ್ರಮದ ಪಟ್ಟಿ ಕೊಟ್ಟು, "ಆಗಿ ಹೋದಂಗ ಬರೀರಿ" ಅಂದರು. ಹೀಗೆ ಮುಂಚೆಯೇ ಬರೆಯುವುದು ಹೊಸದಲ್ಲ. ಗವರ್ನರರ ಪ್ರವಾಸಗಳನ್ನೆಲ್ಲ ಹೀಗೆಯೇ ಬರೆದಿದ್ದೇವೆ.

ಅಚ್ಚಿನ ಮೊಳೆ ಜೋಡಿಸುವ ದತ್ತು ಇಣುಕಿ ನೋಡಿದ. "ಹಣಮಂತಪ್ಪನವರ, ಲಗ್ನಾಗೂಕಿಂತ ಮೊದಲ ತೊಟ್ಟಿಲಾ ಕಟ್ಟಲಿಕ್ಕತ್ತೀರಲ್ರಿ."

೧ ಆಗಸ್ಟ್, ಶನಿವಾರ. ಸಂಜೆ ೬

ಪುಟ ಹೋಯಿತು. ಲಕ್ಷ ಜನ ಹಿಡಿಸುವ ಬಯಲು ಮೈದಾನ. ನಿರ್ಮಲ ಆಕಾಶ. ಗ್ರೀಸಿನಿಂದ ಓಡುತ್ತ ತಂದ ಪಂಜು. ಮೂವತ್ತು ಸಾವಿರ ಪಾರಿವಾಳ. ಒಂದೂಕಾಲು ಕಾಲಂ.

ಕೊನೆಗೆ ಪಟ್ಟಿಯಲ್ಲಿಲ್ಲದ ಒಂದು ವಾಕ್ಯ ಸೇರಿಸಿದೆ: "ಹಿಂದುಸ್ಥಾನದ ತಂಡದೊಡನೆ ನಮ್ಮ ಹುಬ್ಬಳ್ಳಿಯ ಮಲ್ಲಕಂಬ ಪಟು ಶ್ರೀ ಫಕೀರಪ್ಪನವರೂ ಮೈದಾನವನ್ನು ಪ್ರವೇಶಿಸಿದರು." ಫಕೀರ ನನ್ನ ತಮ್ಮ ಎಂದು ಬರೆಯಲಿಲ್ಲ. ಜುಲೈ ಹನ್ನೊಂದಕ್ಕೆ ಮುಂಬಯಿಯ ವ್ಯಾಯಾಮ ಮಂಡಳಿಯವರ ಜೊತೆ, ಮಲ್ಲಕಂಬ ಆಡಿ ತೋರಿಸಲು, ಹಡಗು ಹತ್ತಿದ. ಜುಲೈ ಕೊನೆಗೆ ಬರ್ಲಿನ್ನಿನಲ್ಲಿ ಇರಲೇಬೇಕು. ಲೆಕ್ಕ ಸರಿಯಿದೆ.

೨ ಆಗಸ್ಟ್, ಭಾನುವಾರ

ಅವ್ವನಿಗೆ ಓದಿ ಹೇಳಿದೆ. ಎರಡು ಸಲ. ಪಕ್ಕದ ಮನೆಯ ತಾರಾಬಾಯಿ ಬಂದ ಮೇಲೆ ಮೂರನೆಯ ಸಲ.

"ಇದರಾಗ ಫಕೀರನ ಹೆಸರು ಯಾವುದಪಾ?" ಅಂದಳು ಅವ್ವ. ಬೆರಳಿಟ್ಟು ತೋರಿಸಿದೆ. ಆ ಹೆಸರಿನ ಮೇಲೆ ಕುಂಕುಮದ ಚಿಕ್ಕೆ ಇಟ್ಟಳು. ತುಂಡನ್ನು ಕತ್ತರಿಸಿ, ಅನ್ನ ಹಚ್ಚಿ, ದೇವರ ಮಾಡದ ಪಕ್ಕದ ಗೋಡೆಗೆ ಅಂಟಿಸಿದಳು.

ತಾರಾಬಾಯಿ ಅವ್ವನಿಗೆ ಹೇಳಿದಳು: "ಹುಲಿಗೆವ್ವಾ, ಇನ್ನ ನೀ ನಮ್ಮ ಜೋಡಿ ನಳಕ್ಕ ಪಾಳಿ ಹಚ್ಚೂದಿಲ್ಲ ಬಿಡು. ಜರ್ಮನ್ ದೇಶದಾಕಿ ಆದಿ."

ಅವ್ವ ನಕ್ಕಳು. ನಾಗರ ಪಂಚಮಿಗೆ ಕಟ್ಟಿ ಫಕೀರನ ಪಾಲೆಂದು ಎತ್ತಿಟ್ಟ ಉಂಡಿಯ ಡಬ್ಬಿ ತೆರೆದು ನೋಡಿ ಮುಚ್ಚಿದಳು.

೩ ಆಗಸ್ಟ್, ಸೋಮವಾರ

ತಂತಿ ಸುದ್ದಿ ಪೂರ್ತಿ ಬಂತು. ಆಕಾಶ ನಿರ್ಮಲ ಇರಲಿಲ್ಲ; ಮೋಡ, ನಡುನಡುವೆ ಹನಿ. ಪಾರಿವಾಳ ಇಪ್ಪತ್ತು ಸಾವಿರ. ತಿದ್ದುಪಡಿ ಬರೆದೆ. ಮೋಡದ ವಿಷಯ ಬೇಡವೆಂದರು ಸಂಪಾದಕರು. ಪಾರಿವಾಳದ್ದು ಮಾತ್ರ ಹೋಯಿತು.

೪ ಆಗಸ್ಟ್, ಮಂಗಳವಾರ

ಆಫೀಸಿನ ವಿಳಾಸಕ್ಕೆ ನನ್ನ ಹೆಸರಿನ ಕಾಗದ. ಪೋರ್ಟ್ ಸೈದಿನ ಮುದ್ರೆ. ಮಂಡಳಿಯ ಕಾರ್ಯದರ್ಶಿಗಳದು, ಇಂಗ್ಲಿಷಿನಲ್ಲಿ, ಒಂದೇ ಹಾಳೆ.

ಏಡನ್ ದಾಟಿದ ಮೇಲೆ ಫಕೀರನಿಗೆ ಜ್ವರ. ಹಡಗಿನ ಡಾಕ್ಟರು ನೋಡಿದರು. ಎರಡು ದಿನ. ೧೮ ಜುಲೈ, ಶನಿವಾರ, ಬೆಳಿಗ್ಗೆ. ಮಧ್ಯಾಹ್ನ ದೇಹವನ್ನು ಸಮುದ್ರಕ್ಕೆ ಒಪ್ಪಿಸಿದರು. ಎಲ್ಲರೂ ಹಾಜರಿದ್ದರು.

ಅದು ನಾಗರ ಅಮಾವಾಸ್ಯೆಯ ದಿನ. ಅವ್ವ ಉಂಡಿ ಕಟ್ಟಿದ್ದು ಅದಾದ ಮೇಲೆ. ನಾನು ಆ ವಾಕ್ಯ ಬರೆದಾಗ ಹದಿನಾಲ್ಕು ದಿನ ಆಗಿತ್ತು.

ಐದರವರೆಗೆ ಕೆಲಸ ಮಾಡಿದೆ. ಪುರಸಭೆಯ ವರದಿ. ಒಂದೂ ತಪ್ಪು ಬಿಡಲಿಲ್ಲ ಅಂದ ದತ್ತು.

೯ ಆಗಸ್ಟ್, ಭಾನುವಾರ

ಅವ್ವನಿಗೆ ಇನ್ನೂ ಹೇಳಿಲ್ಲ. ಮಂಗಳವಾರ ಹೇಳಬೇಕೆಂದು ಮನೆಗೆ ಹೋದಾಗ ಅಂಗಳದಲ್ಲಿ ಎಂಟು ಹತ್ತು ಜನ. ಗರಡಿಯ ವಸ್ತಾದ ದುರಗಪ್ಪ ಅವ್ವನ ಕೊರಳಿಗೆ ಮಾಲೆ ಹಾಕುತ್ತಿದ್ದರು. ಫಕೀರನಿಗೆ ಕಂಬ ಕಲಿಸಿದವರು ಅವರೇ. ಪೇಪರು ಅವರ ಕೈಯಲ್ಲೇ ಇತ್ತು.

ಬುಧವಾರ ಹೇಳಬಹುದಿತ್ತು. ಮುಂದಿನ ದಿನಗಳಲ್ಲಿಯೂ.

ಹೆಂಡತಿ ಬಾಣಂತನಕ್ಕೆ ತೌರಿಗೆ ಹೋಗಿದ್ದಾಳೆ. ಅವಳಿಗೂ ಬರೆದಿಲ್ಲ. ಕಾಗದ ಆಫೀಸಿನ ಖಾನೆಯಲ್ಲಿದೆ, ಹಳೆಯ ತಿದ್ದುಪಡಿಗಳ ಕಟ್ಟಿನ ಕೆಳಗೆ. ಊಟ ಮಾಡುತ್ತೇನೆ, ನಿದ್ದೆ ಬರುತ್ತದೆ. ಅಳು ಬಂದಿಲ್ಲ. ಬರಬೇಕಿತ್ತು ಅನ್ನಿಸುತ್ತದೆ… ಅಷ್ಟೇ.

೧೬ ಆಗಸ್ಟ್, ಭಾನುವಾರ

ಹಾಕಿಯಲ್ಲಿ ಜರ್ಮನಿಯ ಮೇಲೆ ಎಂಟು–ಒಂದರಿಂದ ನಮ್ಮವರು ಗೆದ್ದರು. ಆಫೀಸಿನಲ್ಲಿ ಪೇಢೆ ಹಂಚಿದರು. ಎರಡು ತಿಂದೆ.

೮ ಸೆಪ್ಟೆಂಬರ್, ಮಂಗಳವಾರ

ಸಿನೆಮಾ ಥೇಟರಿನ ಮ್ಯಾನೇಜರು ಆಫೀಸಿಗೆ ಬಂದಿದ್ದರು. ಬರ್ಲಿನ್ ಆರಂಭದ ಸುದ್ದಿ ರೀಲು ಬಂದಿದೆಯಂತೆ. ಶನಿವಾರದಿಂದ ದೊಡ್ಡ ಆಟಕ್ಕೆ, ಎಂದರೆ ಸಿನೆಮಾಕ್ಕೆ, ಮೊದಲು ತೋರಿಸುತ್ತಾರೆ. ರೀಲು ಇಂಗ್ಲಿಷು ಮಾತಾಡುತ್ತದೆ. ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಹೇಳಲು ಒಬ್ಬರು ಬೇಕು.

ನನಗೆ ಆಗುವುದಿಲ್ಲ ಅಂದೆ. "ಸುದ್ದಿ ಬರೆದವರು ನೀವ. ತಮ್ಮ ಬ್ಯಾರೆ ಅದರಾಗ ಇದ್ದಾನ. ನಿಮ್ಮನ್ನ ಬಿಟ್ಟು ಯಾರನ್ನ ನಿಲ್ಲಸೂದು?" ಅಂದರು ಸಂಪಾದಕರು. ಇವರಿಗಾದರೂ ಆಗ ಹೇಳಬಹುದಿತ್ತು. ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದರು.

೧೨ ಸೆಪ್ಟೆಂಬರ್, ಶನಿವಾರ

ಮೂರು ಗಂಟೆಯ ಆಟ. ಥೇಟರು ತುಂಬಿ, ಗೋಡೆಗೆ ಒರಗಿ ನಿಂತವರೇ ನೂರು. ನಮ್ಮ ಓಣಿ ಪೂರ್ತಿ, ಗರಡಿ ಪೂರ್ತಿ. ಅವ್ವ ಹೆಂಗಸರ ಕಡೆ ಮುಂದಿನ ಬಾಕಿನ ಮೇಲೆ, ತಾರಾಬಾಯಿಯ ಜೊತೆ. ಅವ್ವ ಸಿನೆಮಾ ನೋಡಿದ್ದು ಇದೇ ಮೊದಲು.

ನನ್ನ ಕೈಗೆ ಕೂಗಿ ಹೇಳಲು ತಗಡಿನ ಭೋಂಗಾ, ತೋರಿಸಲು ಒಂದು ಕೋಲು ಕೊಟ್ಟರು. ರೀಲು ಆರೇಳು ನಿಮಿಷದ್ದು. ಮೈದಾನ ಬಂತು. ಗೋಪುರದ ದೊಡ್ಡ ಗಂಟೆ ಬಂತು. ಗಾಳಿ ತುಂಬಿದ ಉದ್ದನೆಯ ವಿಮಾನದಂಥದೊಂದು ಮೋಡದಲ್ಲಿ ತೇಲಿತು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತ ಹೋದೆ. ದೇಶಗಳು ಒಂದರ ಹಿಂದೆ ಒಂದು. ಹಲವರು ಕೈ ಚಾಚಿ ವಂದಿಸುತ್ತಿದ್ದರು. ನಮ್ಮವರು ಬಂದರು: ರುಮಾಲು ಸುತ್ತಿದವರು. ಕೈ ಎತ್ತಲಿಲ್ಲ. ಅಂಗೈಯಗಲ ಮುಖಗಳು, ಎಂಟು ಸೆಕೆಂಡು ಇರಬಹುದು.

ವಸ್ತಾದರು ಎದ್ದು ನಿಂತು ಕೂಗಿದರು: "ಹಣಮಂತಾ, ನಮ್ಮ ಹುಡುಗ ಎಲ್ಲದಾನೋ? ಲಗೂ ತೋರಸೋ, ಹೊಂಟ್ರು!"

ನಾನು ಕೋಲು ಎತ್ತಿದೆ. ಒಂದು ರುಮಾಲಿಗೆ ಮುಟ್ಟಿಸಿದೆ. "ಮೂರನೆಯ ಸಾಲು. ಬಲದಿಂದ ಎರಡನೆಯವನು."

ಸಿಳ್ಳು, ಚಪ್ಪಾಳೆ, ಟೋಪಿಗಳು ಮೇಲಕ್ಕೆ. ಆಮೇಲಿನ ಪಾರಿವಾಳಗಳ ಬಗ್ಗೆ ನಾನು ಹೇಳಿದ್ದು ಯಾರಿಗೂ ಕೇಳಲಿಲ್ಲ.

೧೩ ಸೆಪ್ಟೆಂಬರ್, ಭಾನುವಾರ

"ಪ್ರೇಕ್ಷಕರು ಏನೆಂದರು" — ಅರ್ಧ ಕಾಲಂ ಬೇಕೆಂದರು ಸಂಪಾದಕರು. ಎರಡೂ ಆಟ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಬರೆದುಕೊಂಡೆ.

ಅರಳೆ ವ್ಯಾಪಾರಿ ಮಡಿವಾಳಪ್ಪನವರು: "ಅಲ್ರೀ, ಲಕ್ಷ ಮಂದಿ ಅಂತೀರಿ. ಅಷ್ಟೂ ಮಂದಿಗೆ ಕುಡಿಯೋ ನೀರು ಎಲ್ಲಿಂದ ತಂದ್ರು? ಅದನ್ನ ಮೊದಲ ಬರೀರಿ. ನಮ್ಮ ಮುನಸಿಪಾಲ್ಟಿಯವರು ಓದಲಿ."

ಒಬ್ಬ ಟಾಂಗಾದವ: "ಗ್ರೀಸಿನಿಂದ ಬೆಂಕಿ ಓಡಿಕೋತ ತಂದ್ರಂತ. ಬರ್ಲಿನ್ನಾಗ ಕಡ್ಡಿಪೆಟಗಿ ಸಿಗೂದಿಲ್ಲೇನ್ರಿ?"

ರೈಲ್ವೆ ಕಾರಖಾನೆಯ ಫಿಟರ್: "ಮುಗಿಲಾಗಿನ ಸವತಿಕಾಯಿ ಭಾರಿ ಇತ್ತು. ಉಳಿದದ್ದು ಬರೇ ನಡಿಗಿ."

ಒಬ್ಬ ಮುದುಕ: "ಬಿಟ್ಟ ಪಾರಿವಾಳ ತಿರುಗಿ ಮನಿಗೆ ಬಂದ್ವೇನಪಾ?" ಗೊತ್ತಿಲ್ಲ ಅಂದೆ. ಕಾರ್ಯಕ್ರಮದ ಪಟ್ಟಿಯಲ್ಲಿ ಅದು ಇರಲಿಲ್ಲ.

ಫಕೀರನನ್ನು ನೋಡದವರು ಒಬ್ಬರೂ ಇಲ್ಲ. ತಾರಾಬಾಯಿ ಅವನ ಕಿವಿಯ ಬಂಗಾರದ ಬಾವಲಿ ಹೊಳೆದದ್ದು ಕಂಡಳು. ವಸ್ತಾದರು ಅವನ ಎದೆ ನೋಡಿ ಗುರುತಿಸಿದರು. ಗರಡಿಯವನೊಬ್ಬ, ಅವನು ಪರದೆಯಿಂದ ತನ್ನ ಕಡೆ ನೋಡಿ ನಕ್ಕ ಅಂದ. ಒಬ್ಬೊಬ್ಬರು ಹೇಳಿದ ಜಾಗ ಒಂದೊಂದು. ಎಲ್ಲವನ್ನೂ ಬರೆದುಕೊಂಡೆ. ಈ ಭಾಗ ಅಚ್ಚಿಗೆ ಕೊಡಲಿಲ್ಲ.

ಅವ್ವ ನಾಳೆಯೂ ಬರುತ್ತೇನೆ ಅಂದಳು.

೧೫ ಸೆಪ್ಟೆಂಬರ್, ಮಂಗಳವಾರ

ಸತತ ನಾಲ್ಕನೆಯ ದಿನ ಅವ್ವ ಬಂದಳು. ಮ್ಯಾನೇಜರು ಈಗ ಅವಳಿಗೆ ಟಿಕೀಟು ಕೇಳುವುದಿಲ್ಲ. ರೀಲು ಮುಗಿದ ಕೂಡಲೇ ಎದ್ದು ಹೊರಗೆ ನಿಲ್ಲುತ್ತಾಳೆ. ದೊಡ್ಡ ಆಟ ನೋಡುವುದಿಲ್ಲ. ಇಬ್ಬರೂ ನಡೆದೇ ಮನೆಗೆ ಬಂದೆವು. ದುರ್ಗದ ಬೈಲಿನಲ್ಲಿ ಅವಳು ನಿಂತಳು.

"ಹಣಮಂತಾ."

"ಹೇಳವ್ವ."

"ಶನಿವಾರ ಕೋಲು ಇಟ್ಟಿದ್ದು ಮೂರನೇ ಸಾಲಿನಾಂವ್ನ ಮ್ಯಾಲ. ಇವತ್ತು ಇಟ್ಟಿದ್ದು ಎರಡನೇ ಸಾಲಿನಾಂವ್ನ ಮ್ಯಾಲ. ಬಾಯಿಲೆ ಮಾತ್ರ ಮೂರನೇದು ಅಂದಿ."

"ಚಿತ್ರ ಓಡತಿರತಾವ ಅವ್ವ. ಕೈ ತಪ್ಪತೈತಿ."

"ಹೌದೇಳು." ಸ್ವಲ್ಪ ದೂರ ನಡೆದ ಮೇಲೆ: "ನಿನ್ನ ಕೈ ತಪ್ಪೂದಿಲ್ಲ. ಸಣ್ಣಾಂವ ಇದ್ದಾಗಿಂದ."

ಮನೆಯಲ್ಲಿ ರೊಟ್ಟಿ ಬಡಿದಳು. ಫಕೀರನ ಗಾಡಿ ಯಾವತ್ತು ಎಂದು ದಿನಾ ಕೇಳುವವಳು ಇಂದು ಕೇಳಲಿಲ್ಲ.

೨೦ ಸೆಪ್ಟೆಂಬರ್, ಭಾನುವಾರ

ನಿನ್ನೆ ಎರಡನೆಯ ಕಾಗದ ಬಂತು. ತಂಡ ಮುಂಬಯಿಗೆ ತಿರುಗಿ ಬರುತ್ತಿದೆ. ಫಕೀರನ ಟ್ರಂಕನ್ನು ಮಂಡಳಿಯ ಒಬ್ಬರು, ಬೆಂಗಳೂರಿಗೆ ಹೋಗುವವರು, ೨೭ರ ಬೆಳಗಿನ ಪುಣೆ ಗಾಡಿಯಲ್ಲಿ ತರುತ್ತಾರೆ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ತೆಗೆದುಕೊಳ್ಳಬೇಕು. ಟ್ರಂಕು ಒಂದು, ಹಾಸಿಗೆ ಸುರುಳಿ ಒಂದು, ತಂಡದವರಿಗೆಲ್ಲ ಕೊಟ್ಟ ಪದಕ ಒಂದು.

ಅದೇ ಗಾಡಿಯಲ್ಲಿ ಮಂಡಳಿಯವರು ಬರುತ್ತಾರೆಂದು ವಸ್ತಾದರಿಗೂ ಗೊತ್ತಾಗಿದೆ. ಮುಂಬಯಿಯ ಯಾವುದೋ ಪೈಲವಾನ ಗಾಡಿಯ ದಿನವನ್ನಷ್ಟೇ ಹೇಳಿ ಕಳಿಸಿದ್ದಾನೆ. ವಾದ್ಯ ನುಡಿಸುವ ಬಾಜಿಯವರಿಗೆ ಹೇಳಿ ಆಗಿದೆ. ಸ್ಟೇಷನ್ನಿನಿಂದ ಓಣಿಯವರೆಗೆ ಮೆರವಣಿಗೆ. ಇನ್ನು ಏಳು ದಿನ.

೨೬ ಸೆಪ್ಟೆಂಬರ್, ಶನಿವಾರ

ಹೇಳಿಬಿಡಬೇಕೆಂದೇ ಸಂಜೆ ಗರಡಿಗೆ ಹೋದೆ. ಬಾಗಿಲಿಗೆ ಮಾವಿನ ತೋರಣ. ವಸ್ತಾದರು ತಾವೇ ಕೂತು ಮಲ್ಲಕಂಬಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದರು. ಫಕೀರ ಹೋದಾಗಿನಿಂದ ಆ ಕಂಬವನ್ನು ಬೇರೆಯವರಿಗೆ ಹತ್ತಗೊಟ್ಟಿಲ್ಲ.

"ಟೇಶನ್ನಿನಿಂದ ಸೀದಾ ಇಲ್ಲಿಗೆ ಕರಕೊಂಡ ಬರತೇನಿ. ಮೊದಲ ಕಂಬ, ಆಮ್ಯಾಲ ಮನಿ. ಹುಲಿಗೆವ್ವಗ ಹೇಳಿಬಿಡು, ಸಿಟ್ಟಾಗಬಾರದು."

"ವಸ್ತಾದ್ರ, ಬಾಜಿ ಬ್ಯಾಡ್ರಿ."

"ಯಾಕೋ?"

ಎಣ್ಣೆಯ ಕೈ ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು. ಬಾಯಿಗೆ ಬಂದದ್ದು: "ಅವ್ವಗ ತಲಿನೋವು."

"ಹುಚ್ಚಾ. ಮಗನ್ನ ನೋಡಿದ ಕೂಡಲೇ ಹೋಗತೈತಿ."

ಬಂದುಬಿಟ್ಟೆ. ಹನ್ನೊಂದು ವರ್ಷದಲ್ಲಿ ಪತ್ರಿಕೆಯಲ್ಲಿ ತಪ್ಪು ಎಷ್ಟು ಬಂದವೋ, ಅಷ್ಟನ್ನೂ ಎರಡು ದಿನದೊಳಗೆ ತಿದ್ದಿದ್ದೇನೆ. ಇದಕ್ಕೆ ಐವತ್ತೈದು ದಿನ ಆಯಿತು.

೨೭ ಸೆಪ್ಟೆಂಬರ್, ಭಾನುವಾರ. ಬೆಳಿಗ್ಗೆ ೫

ಗಾಡಿ ಏಳು ಹತ್ತಕ್ಕೆ. ಬೇಗ ಎದ್ದೆ. ಆಫೀಸಿನ ಹಾಳೆಯ ಮೇಲೆ ತಿದ್ದುಪಡಿ ಬರೆದೆ. ನಾಲ್ಕು ಸಾಲು ಇದೆ. ಮುಂಜಾನೆಯೇ ದತ್ತುವಿಗೆ ಕೊಡುತ್ತೇನೆ. ಅದಕ್ಕಿಂತ ಮೊದಲು ವಸ್ತಾದರ ಮನೆ. ಅದಕ್ಕಿಂತ ಮೊದಲು…

ಅವ್ವ ಎದ್ದಿದ್ದಾಳೆ. ಒಲೆ ಹಚ್ಚಿಲ್ಲ. ಇಂದಿಗೆಂದು ತೆಗೆದಿಟ್ಟ ಹೊಸ ಸೀರೆ ಉಟ್ಟಿಲ್ಲ. ಅದು ಮಡಿಕೆ ಬಿಚ್ಚದೆ ಪೆಟ್ಟಿಗೆಯ ಮೇಲೆ ಇದೆ. ಉಂಡಿಯ ಡಬ್ಬಿ ಮಾಡದಿಂದ ತೆಗೆದು ತಂದು ನನ್ನ ಮುಂದೆ ಇಟ್ಟಳು.

"ಇದನ್ನ ಟೇಶನ್ನಿಗೆ ಒಯ್ಯೂದು ಬ್ಯಾಡ" ಅಂದಳು. ಆಮೇಲೆ: "ಏನ್ ಬರ್ಯಾಕತ್ತಿ?"

"ತಿದ್ದುಪಡಿ."

"ಆ ಗ್ವಾಡಿ ಮ್ಯಾಲಿಂದೇನು?"

ಹೌದು ಅಂದೆ.

ಎದುರಿಗೆ ಕೂತಳು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಪ್ಯಾಟಿ ಮಂದಿ ಓದೂಕಿಂತ ಮೊದಲ ನನಗ ಓದು."

ಮೊದಲ ಸಾಲು ಓದಿದೆ: "ಆಗಸ್ಟ್ ೨ರ ಸಂಚಿಕೆಯಲ್ಲಿ ಬರ್ಲಿನ್ ಆಟಗಳ ಆರಂಭದ ವರದಿಯ ಕೊನೆಯ ವಾಕ್ಯ ತಪ್ಪಾಗಿದೆ." ನಿಲ್ಲಿಸಿದೆ. ಪೆನ್ನು ಕೈಯಲ್ಲೇ ಇದೆ, ಈ ದಿನಚರಿ ಪುಸ್ತಕ ತೊಡೆಯ ಮೇಲೆ. ಅವಳಿಗೆ ಅವಸರವಿಲ್ಲ. ನಾನು ಬರೆಯುವುದನ್ನೇ ನೋಡುತ್ತಿದ್ದಾಳೆ.

"ಮುಂದ?" ಅಂದಳು.

ಮುಂದೆ