ಆಕಾಶಕ್ಕೆ ಹೋಗದ ಮಾತು

ಎಲ್ಕಿನ್ಸ್, ವೆಸ್ಟ್ ವರ್ಜೀನಿಯಾ
ಅಕ್ಟೋಬರ್ 9, 2022

ಪ್ರೀತಿಯ ಒಡೆಸ್ಸಾ,

ಹೇಗಿದ್ದೀಯ? ಮಂಡಿ ಆಪರೇಷನ್ ಆದ ಮೇಲೆ ಕೋಲಿಲ್ಲದೆ ಚರ್ಚಿಗೆ ಹೋಗಿ ಬರುತ್ತಿದ್ದೀಯೆಂದು ಕೇಳಿ ಸಮಾಧಾನವಾಯಿತು. ಈಸ್ಟರ್ ಹಬ್ಬಕ್ಕೆ ನೀನು ಹಾಕಿದ ಕಾರ್ಡಿಗೆ ಈಗ, ಎಲೆ ಉದುರುವ ಕಾಲದಲ್ಲಿ, ಉತ್ತರ ಬರೆಯುತ್ತಿದ್ದೇನೆ. ಜೀವಮಾನವಿಡೀ ಮಾತು ಮಾರಿಕೊಂಡು ಬದುಕಿದವನಿಗೆ ಕಾಗದದ ಮುಂದೆ ಕೂತರೆ ಕೈ ಓಡುವುದಿಲ್ಲ. ಬೈದುಕೋ, ಆದರೆ ಕೊನೆಯವರೆಗೂ ಓದು.

ಲೊರೇನ್ ಚೆನ್ನಾಗಿದ್ದಾಳೆ. ಸೇಬು ಕುದಿಸಿ ಬಾಟಲಿಗಳಿಗೆ ತುಂಬುತ್ತಿದ್ದಾಳೆ, ಮನೆಯೆಲ್ಲ ದಾಲ್ಚಿನ್ನಿಯ ವಾಸನೆ. ನಮ್ಮ ಮನೆ ಗುಡ್ಡದ ಮರೆಯಲ್ಲಿರುವುದರಿಂದ ಉಪಗ್ರಹದ ಕಣ್ಣಿಗೆ ಬೀಳುವುದಿಲ್ಲ. ಉಪಗ್ರಹದಿಂದ ಕಾರಿನ ರೇಡಿಯೊಗೆ ಇಳಿಯುವ ನಮ್ಮ ಚಾನೆಲ್ ಕೇಳಬೇಕೆಂದರೆ ಕಾರು ತೆಗೆದುಕೊಂಡು ಮೇಲಿನ ಬಯಲಿಗೆ ಹೋಗಬೇಕು. ಸಂಜೆ ಹೋಗಿ ಅಲ್ಲಿ ಕೂರುತ್ತೇನೆ. ಕೆಳಗೆ ಕಣಿವೆ ತುಂಬ ಮಂಜು, ಊರು ಅದರೊಳಗೆ ಎಲ್ಲೋ ನಿದ್ದೆ ಹೋದ ಹಾಗಿರುತ್ತದೆ. ಮೇಲಿನಿಂದ ಯಾರದೋ ದನಿ ಇಳಿದು ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತು ಮಾತಾಡುತ್ತದೆ. ನಮ್ಮ ಮಗ ಕ್ಲೇ ಇರಾಕಿನಲ್ಲಿ ತೀರಿಕೊಂಡ ಮೇಲೆ ಲೊರೇನ್ ರೇಡಿಯೊ ಹಚ್ಚಿದ್ದೇ ಇಲ್ಲ. ನಾನು ಕೀಲಿಕೈ ತೆಗೆದುಕೊಂಡರೆ ಸಾಕು, "ಹೋಗು, ನನ್ನ ಸವತಿ ಕಾಯ್ತಿರ್ತಾಳೆ" ಅಂತಾಳೆ.

ಈಗ ಸುದ್ದಿಗೆ ಬರುತ್ತೇನೆ. ನಮ್ಮ 'ಸೆಂಟಿನೆಲ್' ಚಾನೆಲ್ಲಿಗೆ ಬರುವ ತಿಂಗಳು ಇಪ್ಪತ್ತು ವರ್ಷ ತುಂಬುತ್ತದೆ. ಈಗ ಅದನ್ನು ನಡೆಸುತ್ತಿರುವ ಕೆಂಡ್ರಾ ಎಂಬಾಕೆ ಫೋನು ಮಾಡಿದ್ದಳು. "ಸರ್, ಮೊದಲ ದಿನದಿಂದ ಇದ್ದವರು ನೀವೊಬ್ಬರೇ. ಚಾನೆಲ್ ಕಥೆ ನಿಮ್ಮ ಬಾಯಲ್ಲೇ ಕೇಳ್ಬೇಕು" ಅಂದಳು. ನಾನೊಬ್ಬನೇ ಅಲ್ಲ, ಸ್ಟುಡಿಯೊ ಗಾಜಿನ ಆಚೆ ಯಂತ್ರ ನಡೆಸುವವಳೊಬ್ಬಳಿದ್ದಳು ಅಂದೆ. ಅವಳಿಗೆ ನಿನ್ನ ಹೆಸರು ಗೊತ್ತಿರಲಿಲ್ಲ.

ಕಥೆ ಹೇಳೋಣವೆಂದು ಕೂತರೆ ಎಲ್ಲವೂ ಕನಸಿನ ಹಾಗೆ ಒಂದರೊಳಗೊಂದು ಸೇರಿಕೊಳ್ಳುತ್ತದೆ. ವಾಷಿಂಗ್ಟನ್ನಿನ ಆ ಹಳೆಯ ಅಚ್ಚುಕೂಟದ ಕಟ್ಟಡ, ಗೋಡೆಯಲ್ಲಿ ಇನ್ನೂ ಉಳಿದಿದ್ದ ಶಾಯಿಯ ವಾಸನೆ. ಮೊದಲ ಬೆಳಿಗ್ಗೆ ನಾನು ಎದೆಯುಬ್ಬಿಸಿ "ಅಮೆರಿಕಾ, ಎದ್ದೇಳು" ಅಂದೆ. ನೀನು ಗಾಜಿನ ಆಚೆಯಿಂದ ನನ್ನ ಕಿವಿಗೆ ಮಾತ್ರ ಕೇಳುವ ಹಾಗೆ ಅಂದೆ: "ಅಮೆರಿಕಾ ಎಲ್ಲಪ್ಪ ಇದೆ? ನೀನು, ನಾನು, ಆ ನೆಬ್ರಾಸ್ಕಾ ಟ್ರಕ್ಕಿನವನು. ಮೂರೇ ಜನ ಎದ್ದಿರೋದು."

ಆ ಟ್ರಕ್ಕಿನವನು ವಾರಕ್ಕೊಮ್ಮೆ ತಪ್ಪದೆ ಫೋನು ಮಾಡುತ್ತಿದ್ದ. "ನೀವು ಹೇಳೋದೆಲ್ಲ ಸರಿ ಸಾರ್, ಆದ್ರೆ ಸೇತುವೆ ಕೆಳಗೆ ಹೋದಾಗಲೆಲ್ಲ ನಿಮ್ಮ ಬಾಯಿ ಕಟ್ಟೋಗತ್ತೆ" ಎಂದು ಅವನು ದೂರಿದಾಗ, "ಹಾಗಿದ್ರೆ ದೇಶದಲ್ಲಿ ಇನ್ನಷ್ಟು ಸೇತುವೆ ಕಟ್ಟಿಸ್ಬೇಕು" ಅಂದವಳು ನೀನು. ನನ್ನ ಮಾತು ಒಂದಾದರೂ ನಿನಗೆ ಒಪ್ಪಿಗೆಯಾಗಿತ್ತೇ? ತೆರಿಗೆ, ಬಂದೂಕು, ಚರ್ಚು, ಯುದ್ಧ, ನಾನು ಯಾವುದನ್ನು ಹೊಗಳಿದರೂ ನೀನು ಹುಬ್ಬು ಹಾರಿಸುತ್ತಿದ್ದೆ. ಚುನಾವಣೆಯ ದಿನ ನನ್ನ ವೋಟು ಹೊಡೆದುಹಾಕಲೆಂದೇ ನನಗಿಂತ ಮೊದಲು ಹೋಗಿ ವೋಟು ಹಾಕಿ, ಬರುವಾಗ ಸಿಹಿಗೆಣಸಿನ ಪೈ ತಂದು ನನ್ನ ಮುಂದಿಡುತ್ತಿದ್ದೆ. ಅಂಥ ಪೈ ನಾನು ಮತ್ತೆ ತಿಂದಿಲ್ಲ.

ಆಮೇಲೆ ಜನ ಬಂದರು. ಹೊಸ ಕಾರುಗಳಲ್ಲಿ ನಮ್ಮ ರೇಡಿಯೊ ಬಂತು, ಮೂರು ಜನ ಮೂರು ಲಕ್ಷವಾದರು. ನ್ಯೂಯಾರ್ಕಿನ ಎದುರಾಳಿ ಕಂಪನಿಯ ಜೊತೆ ನಮ್ಮ ಕಂಪನಿಯ ಮದುವೆಯಾಯಿತು. ಅವರಲ್ಲೂ ನಮ್ಮಂಥದೇ ಚಾನೆಲ್ ಇತ್ತು. ಎರಡು ಮನೆಯ ಅತ್ತೆಯರು ಒಂದೇ ಅಡುಗೆಮನೆ ಹೊಕ್ಕ ಹಾಗಾಯಿತು. ನಮ್ಮ ನಂಬರು ಬದಲಾದಾಗ ಎಷ್ಟೋ ಮುದುಕರು ನಾವು ಸತ್ತೇಹೋದೆವೆಂದು ತಿಳಿದು ಕಂಪನಿಗೆ ಫೋನು ಮಾಡಿ ಸಂತಾಪ ಹೇಳಿದರು. ಆಮೇಲೆ ನಮ್ಮ ಜಾಗಕ್ಕೆ ಹುಡುಗರು ಬಂದರು. ಅವರು ಮಾತಿನ ನಡುವೆ ಉಸಿರು ತೆಗೆದುಕೊಳ್ಳುವುದಿಲ್ಲ. ಗುಡ್ಡದ ಮೇಲೆ ಕೂತು ಅವರನ್ನು ಕೇಳುವಾಗ, ನಾನೂ ಹೀಗೇ ಇದ್ದೆನೇ ಎಂದು ನಿನ್ನನ್ನು ಕೇಳಬೇಕೆನ್ನಿಸುತ್ತದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಿನ್ನ ಮೇಜಿನ ಮೇಲಿದ್ದ ಯಂತ್ರ ಆ ಗಾದೆಯನ್ನು ಸುಳ್ಳು ಮಾಡುತ್ತಿತ್ತು. ನಾವು ಆಡಿದ್ದನ್ನು ಅದು ಕೆಲವು ಸೆಕೆಂಡು ಹೊಟ್ಟೆಯಲ್ಲಿಟ್ಟುಕೊಂಡು ಆಮೇಲೆ ಆಕಾಶಕ್ಕೆ ಬಿಡುತ್ತಿತ್ತು. ಯಾರಾದರೂ ಹೊಲಸು ಮಾತಾಡಿದರೆ ನೀನು ಕೆಂಪು ಗುಂಡಿ ಒತ್ತುತ್ತಿದ್ದೆ, ಹೊಟ್ಟೆಯಲ್ಲಿದ್ದಷ್ಟು ಮಾತು ಇಲ್ಲದಂತಾಗುತ್ತಿತ್ತು. ಕಳೆದ ಸೆಕೆಂಡುಗಳನ್ನು ತುಂಬಿಸಿಕೊಳ್ಳಲು ಯಂತ್ರ ಮುಂದಿನ ಒಂದೊಂದು ಮಾತನ್ನೂ ಒಂದು ಎಳೆ ಹಿಗ್ಗಿಸುತ್ತಿತ್ತು. "ನಿನ್ನ ಹಾಲಿಗೆ ನೀರು ಬೆರೆಸ್ತಿದೀನಿ, ಗಿರಾಕಿಗೆ ಗೊತ್ತಾಗಲ್ಲ ಬಿಡು" ಅಂತ ನಗುತ್ತಿದ್ದೆ. ಈಗೀಗ ನನ್ನ ದಿನಗಳೆಲ್ಲ ಹಾಗೇ ಹಿಗ್ಗಿಕೊಂಡು ನಡೆಯುತ್ತಿವೆ. ಲೊರೇನ್ ಮಾತಾಡಿದರೂ ತಡವಾಗಿ ಕೇಳಿದ ಹಾಗಾಗುತ್ತದೆ.

ಒಡೆಸ್ಸಾ, ಕ್ಲೇಯನ್ನು ಮಣ್ಣು ಮಾಡಿ ನಾನು ಕೆಲಸಕ್ಕೆ ಮರಳಿದ ದಿನ ನಿನಗೆ ನೆನಪಿದೆಯೇ? ಮೈಕಿನ ಮುಂದೆ ಕೂರುವ ಮೊದಲು "ನಾನು ಅತ್ತರೆ ಒತ್ತಿಬಿಡು" ಅಂದಿದ್ದೆ. ನೀನು ನನ್ನ ಕಾಲರು ಸರಿಮಾಡಿ "ಹೂಂ" ಅಂದೆ. ಓಹಾಯೊದಿಂದ ಒಬ್ಬ ಹೆಂಗಸು ಫೋನು ಮಾಡಿದಳು. "ನಿಮ್ಮ ಮಗನ ವಿಷಯ ಕೇಳಿ ಕರುಳು ಕಿತ್ತು ಬಂತು ಸಾರ್. ನನ್ನ ಮಗನೂ ಸೈನ್ಯಕ್ಕೆ ಸೇರ್ತೀನಿ ಅಂತ ಹಠ ಹಿಡಿದಿದಾನೆ. ಅವನಿಗೆ ನಾನೇನು ಹೇಳ್ಲಿ, ನೀವೇ ಹೇಳಿ" ಅಂದಳು. ನಾನು ಸುಮಾರು ಹೊತ್ತು ಸುಮ್ಮನಿದ್ದೆ. ಆಮೇಲೆ ಹೇಳಿದೆ: "ಕಳಿಸ್ಬೇಡಮ್ಮ. ಕೈ ಹಿಡಿದು ಮನೇಲೇ ಇಟ್ಕೊ."

ನಿನ್ನ ಕೈ ಗುಂಡಿಯ ಮೇಲೆ ಬಿದ್ದದ್ದು ಕಂಡಿತು. ನಾನು ಅತ್ತಿರಲಿಲ್ಲ. ಹಿಂದೆಯೇ ನೀನು ಹಾಕಿದ ಜಾಹೀರಾತು ಮುಗಿಯುವ ಹೊತ್ತಿಗೆ ಆ ಹೆಂಗಸಿನ ಫೋನು ಕಟ್ಟಾಗಿತ್ತು, ನಾನು ಗೋಧಿಯ ಬೆಲೆಯ ಬಗ್ಗೆ ಮಾತಾಡತೊಡಗಿದೆ. ಆ ಮಾತು ಹೊರಗೆ ಹೋಗಿದ್ದರೆ ನಿಮ್ಮ ಪಕ್ಷದವರಿಗೆ ಹಬ್ಬವಾಗುತ್ತಿತ್ತು, ಆದರೂ ನೀನು ಒತ್ತಿದೆ. ನನ್ನ ಅನ್ನ ಉಳಿಸಲು ಒತ್ತಿದೆ ಎಂದು ನನಗೆ ಗೊತ್ತು. ಅದಕ್ಕೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಾವಿಬ್ಬರೂ ಆಮೇಲೆ ಅದರ ಸುದ್ದಿ ಎತ್ತಲಿಲ್ಲ.

ಕೆಂಡ್ರಾ ಆ ದಿನ ಹೊರಗೆ ಹೋದ ಮಾತಿನ ಧ್ವನಿಮುದ್ರಣ ಹುಡುಕಿ ತೆಗೆದಿದ್ದಾಳೆ. ಫೋನಿನಲ್ಲೇ ಕೇಳಿಸಿದಳು. ಹೆಂಗಸಿನ ಪ್ರಶ್ನೆ ಇದೆ, ನನ್ನ ಮೌನ ಇದೆ, ಆಮೇಲೆ ಚಿನ್ನದ ನಾಣ್ಯ ಮಾರುವವನ ಜಾಹೀರಾತು. "ನೀವು ಏನೂ ಹೇಳಿಲ್ಲ ಸರ್. ಆ ಮೌನ ಕೇಳಿದ್ರೆ ಮೈ ಜುಂ ಅನ್ನತ್ತೆ. ದೇಶಕ್ಕೆ ಮಗನನ್ನ ಕೊಟ್ಟ ತಂದೆ ಗಂಭೀರವಾಗಿ ಕೂತಿದ್ದಾರೆ. ಇಪ್ಪತ್ತು ವರ್ಷದ ಹಬ್ಬದ ದಿನ ಅದನ್ನೇ ಹಾಕ್ತೀವಿ" ಅಂದಳು. ಇಲ್ಲ, ನಾನು ಹೇಳಿದ್ದೆ ಅಂದೆ. "ಎಷ್ಟೋ ವರ್ಷ ಆಯ್ತಲ್ವಾ ಸರ್" ಅಂದಳು, ಬಹಳ ಮೃದುವಾಗಿ.

ಆ ಮೃದುತನ ನನ್ನನ್ನು ಹೆದರಿಸಿತು. ಅಂದಿನಿಂದ ಗುಡ್ಡದ ಮೇಲೆ ಕೂತು ಯೋಚಿಸುತ್ತೇನೆ, ನಿಜವಾಗಿಯೂ ಹೇಳಿದೆನೇ, ಅಥವಾ ಹೇಳಿದ್ದೇನೆಂದು ಇಷ್ಟು ವರ್ಷ ಕನಸು ಕಂಡೆನೇ? ಒಂದೊಂದು ಸಂಜೆ ನನ್ನ ದನಿ ಸ್ಪಷ್ಟವಾಗಿ ಕೇಳುತ್ತದೆ. ಇನ್ನೊಂದು ಸಂಜೆ ಬರೀ ಮಂಜು. ಆ ಹೆಂಗಸು ಎಲ್ಲಿದ್ದಾಳೋ, ಅವಳ ಹೆಸರೂ ನನಗೆ ನೆನಪಿಲ್ಲ. ಸಾಕ್ಷಿಗೆ ನೀನೊಬ್ಬಳೇ ಉಳಿದಿದ್ದೀಯ. ನಾನು ಹೇಳಿದ್ದು ನಿಜವಾದರೆ ಹಬ್ಬದ ದಿನ ಸ್ಟುಡಿಯೊಗೆ ಹೋಗಿ, ಮೌನ ಮುಗಿದ ತಕ್ಷಣ ಮೈಕಿನಲ್ಲಿ ಮತ್ತೆ ಹೇಳುತ್ತೇನೆ. ಹೇಳಿರದಿದ್ದರೆ ಮನೆಯಲ್ಲೇ ಇರುತ್ತೇನೆ, ಹೊಸದಾಗಿ ಶೂರನಾಗುವ ವಯಸ್ಸು ನನ್ನದಲ್ಲ. ನನ್ನ ಮನಸ್ಸಿಗೆ ಹಿತವಾಗಲೆಂದು ಸುಳ್ಳು ಹೇಳಬೇಡ. ಇಷ್ಟು ವರ್ಷ ನನ್ನ ಮುಖಕ್ಕೇ ನಿಜ ಹೇಳಿದವಳು ನೀನೊಬ್ಬಳೇ.

ನಿನ್ನ ಮೊಮ್ಮಕ್ಕಳಿಗೆ ನನ್ನ ಮುತ್ತು. ದೇವರು ನಿನ್ನ ಹೊಸ ಮಂಡಿಯನ್ನು ಕಾಪಾಡಲಿ, ಹಳೆಯ ನಾಲಿಗೆಯನ್ನು ಹಾಗೇ ಚುರುಕಾಗಿಟ್ಟಿರಲಿ. ಲೊರೇನ್ ನಿನಗೆಂದು ಒಂದು ಬಾಟಲಿ ತೆಗೆದಿಟ್ಟಿದ್ದಾಳೆ.

ನಿನ್ನ ಹಳೆಯ ಗಂಟಲು,
ಹಾರ್ಲನ್

ಮತ್ತೆ ಬರೆದದ್ದು: ಇದೆಲ್ಲ ಈಗ ಯಾಕೆ ಬೇಕು ಎಂದು ಕೇಳುತ್ತೀಯ, ಅದಕ್ಕೆ ಬರೆಯುತ್ತೇನೆ. ಸೈನ್ಯಕ್ಕೆ ಹೆಸರು ಕೊಡುವ ಹಿಂದಿನ ಭಾನುವಾರ ಕ್ಲೇ ಅಡುಗೆಮನೆಯಲ್ಲಿ ನನ್ನೆದುರು ಕೂತಿದ್ದ. ತಟ್ಟೆಯಲ್ಲಿದ್ದುದನ್ನು ಮುಟ್ಟಿರಲಿಲ್ಲ. "ರೇಡಿಯೊ ಕೇಳೋರಿಗೆ ಹೇಳೋದು ಬೇಡಪ್ಪ, ನಂಗೆ ಹೇಳು. ಹೋಗ್ಲಾ?" ಅಂದ. ಹೋಗು, ದೇಶ ಕರೆದಿದೆ ಎಂದು ರೇಡಿಯೊದಲ್ಲಿ ಹೇಳುವುದನ್ನೇ ಹೇಳಿದೆ, ಅದೇ ದನಿಯಲ್ಲಿ. ಅವನು "ಸರಿ" ಅಂದ. ಓಹಾಯೊದ ಹೆಂಗಸಿಗೆ ಕೊಟ್ಟ ಉತ್ತರ ಅವನಿಗೆ ಸಿಗಬೇಕಾದದ್ದು. ಅವನು ಮಣ್ಣು ಸೇರಿದ ಮೇಲಾದರೂ ಅದು ಒಮ್ಮೆ ನನ್ನ ಬಾಯಿಂದ ಬಂತೇ, ಒಡೆಸ್ಸಾ? ನೀನು ಕೇಳಿಸಿಕೊಂಡೆಯಾ?